ಭಿನ್ನ ಲೋಹಗಳ ಬೆಸುಗೆ

ಹಿತ್ತಾಳೆಯ ಪಟ್ಟಿಯನ್ನೂ ಕಬ್ಬಿಣದ ಪಟ್ಟಿಯನ್ನೂ ಒಂದಕ್ಕೊಂದು ಬಂಧಿಸಿ ಕಾಯಿಸಿದರೆ ಆ ಜೋಡುಪಟ್ಟಿಯು ಬಾಗುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರಬಹುದು. ಹಿತ್ತಾಳೆಯು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದೇ ಇದಕ್ಕೆ ಕಾರಣ. ಬಾಗಲು ಎಡೆಯೇ ಇಲ್ಲದ ದಪ್ಪ ಕೊಳವೆಯಲ್ಲಿ ಇಂಥ ಎರಡು ಲೋಹಗಳು ಕೂಡಿಕೊಂಡಿದ್ದರೆ ಏನಾದೀತು?

ಪರಮಾಣು ವಿದ್ಯುದಾಗಾರಗಳಲ್ಲಿ ಈ ಪ್ರಶ್ನೆ ಎದುರಾಗುತ್ತದೆ. ಅಧಿಕ ಒತ್ತಡದ ನೀರನ್ನು ಬಳಸುವ ಹಲವು ರಿಯಾಕ್ಟರುಗಳ ಪಾತ್ರೆಯು ಕ್ರೋಮಿಯಂ ಅತ್ಯಲ್ಪವಾಗಿರುವ ಉಕ್ಕಿನದು. ಅದಕ್ಕೆ ಸೇರುವ ಕೊಳವೆಯು ಸ್ಟೇನ್‌ಲೆಸ್ ಉಕ್ಕಿನದು. ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದಾಗ ಮೊದಲನೆಯದು ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗಿದರೆ, ಎರಡನೆಯದು ಸುಮಾರು 17 ಪಾಲು ಹಿಗ್ಗುತ್ತದೆ. ಉಷ್ಣತೆಯು 300 ಡಿಗ್ರಿ ಏರಿದರೆ ಒಂದು ಮೀಟರಿನಲ್ಲಿ ಇವು ಕ್ರಮವಾಗಿ 3.6 ಮತ್ತು 5.1 ಮಿಲಿಮೀಟರ್ ಆಗುತ್ತವೆ. ಈ ಅಂತರವೇ ಬೆಸುಗೆಯನ್ನು ಸೆಳೆದು ಹಿಂಡುವ ಬಲಕ್ಕೆ ಮೂಲ.

ಸ್ಟೇನ್‌ಲೆಸ್ ಉಕ್ಕನ್ನೇ ಕರಗಿಸಿ ಸಂದಿಯನ್ನು ತುಂಬಬಾರದೇಕೆ? ಹಾಗೆ ಮಾಡಿದರೆ ಸೆಳೆತವೆಲ್ಲ ಪಾತ್ರೆಯ ಅಂಚಿನಲ್ಲಿಯೇ ನೆಲಸುತ್ತದೆ. ಅಲ್ಲದೆ, ಕ್ರೋಮಿಯಮ್ಮಿಗೆ ಇಂಗಾಲದ ಮೇಲೆ ಬಲವಾದ ಆಕರ್ಷಣೆಯುಂಟು. ಹೆಚ್ಚಿನ ಶಾಖದಲ್ಲಿ ಇಂಗಾಲವು ಪಾತ್ರೆಯ ಉಕ್ಕನ್ನು ಬಿಟ್ಟು ಬೆಸುಗೆಯತ್ತ ಸರಿಯುತ್ತದೆ. ಅದು ಬಿಟ್ಟುಹೋದ ಪದರವು ಮೆದುವಾಗುತ್ತದೆ.

ಆದುದರಿಂದ ನಡುವೆ ನಿಕೆಲ್ ಪ್ರಧಾನವಾದ ಮಿಶ್ರಲೋಹವನ್ನು ತುಂಬುವರು. ನಿಕೆಲ್ ಇಂಗಾಲದ ಚಲನೆಯನ್ನು ತಡೆಯುತ್ತದೆ. ಕಬ್ಬಿಣವನ್ನೂ ಕ್ರೋಮಿಯಮ್ಮನ್ನೂ ಬಿರುಸಾಗದಂತೆ ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಈ ಮಿಶ್ರಲೋಹದ ಹಿಗ್ಗುವಿಕೆಯಾದರೋ ಸುಮಾರು 14 ಪಾಲು, ಎಂದರೆ ಎರಡು ಉಕ್ಕುಗಳ ನಡುವಣ ಮೆಟ್ಟಿಲು. ಮೇಲಿನ ಏರಿಕೆಗೆ ಇದು ಎಷ್ಟು ಮಿಲಿಮೀಟರ್ ಹಿಗ್ಗುವುದೆಂಬುದನ್ನು ಓದುಗರೇ ಲೆಕ್ಕ ಮಾಡಿ ನೋಡಬಹುದು.

ಇಷ್ಟಕ್ಕೇ ಸಮಸ್ಯೆ ಮುಗಿಯಲಿಲ್ಲ. 2000ರ ಅಕ್ಟೋಬರಿನಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ವಿ. ಸಿ. ಸಮ್ಮರ್ ವಿದ್ಯುದಾಗಾರದಲ್ಲಿ ಇಂಥದೇ ಒಂದು ಬೆಸುಗೆ ಬಿರುಕು ಬಿಟ್ಟಿದ್ದುದು ಕಂಡುಬಂದಿತು. ಸೋರಿದ ನೀರು ಆವಿಯಾಗಿ, ಅದರಲ್ಲಿ ಕರಗಿದ್ದ ಬೋರಿಕ್ ಆಮ್ಲವು ಕೊಳವೆಯ ಹೊರಮೈಯಲ್ಲಿ ಬಿಳಿಯ ಹರಳಾಗಿ ನಿಂತು ಸುಳಿವು ಕೊಟ್ಟಿತ್ತು. ಬೆಸುಗೆಯಲ್ಲಿ ಉಳಿದಿದ್ದ ಸೆಳೆತ ಮತ್ತು ಬಿಸಿನೀರು ಎರಡೂ ಕೂಡಿ, ನಿಕೆಲ್ ಮಿಶ್ರಲೋಹದ ಹರಳುಕಣಗಳ ಸಂಧಿಗಳನ್ನು ಬಿಡಿಸಿದ್ದವು. ಆ ಬಗೆಯ ಮಿಶ್ರಲೋಹದಲ್ಲಿ ಕ್ರೋಮಿಯಂ ಸುಮಾರು ಶೇಕಡಾ 15ರಿಂದ 20ರಷ್ಟಿರುತ್ತದೆ. ಈಗ ಇಂಥ ಸ್ಥಳಗಳಲ್ಲಿ ಶೇಕಡಾ 30ರಷ್ಟಿರುವುದನ್ನು ಆರಿಸುತ್ತಾರೆ. ಅದು ಈ ಬಿರುಕನ್ನು ಬಹಳ ಮಟ್ಟಿಗೆ ತಡೆಯಬಲ್ಲುದು.

ಎರಡು ಲೋಹಗಳು ಒಂದನ್ನೊಂದು ಕಚ್ಚಿಕೊಂಡ ಮಾತ್ರಕ್ಕೆ ಬೆಸುಗೆ ಸಫಲವಾಗುವುದಿಲ್ಲ. ಅವು ಕಾದಾಗಲೂ ಆರಿದಾಗಲೂ, ನೀರಿನ ನಡುವೆ ಹತ್ತಾರು ವರ್ಷ ಕಳೆದಾಗಲೂ ಕೂಡಿಯೇ ಇರಬೇಕು.