ನೋವಿಗೆ ನಂಬರ್ ಎಷ್ಟು? ನರ್ಸಿಂಗ್ ವಿದ್ಯಾರ್ಥಿಗಳ ಒಂದು ಪಾಠ



ಅಮೆರಿಕದ ನಮ್ಮ ಕನ್ನಡ ಕುಟುಂಬಗಳಲ್ಲಿ ನರ್ಸಿಂಗ್ ಓದುವವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ನಾನೋ ಕೋಡ್ ಬರೆದು ಹೊಟ್ಟೆ ಹೊರೆಯುವವನು, ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಪರೀಕ್ಷೆಯ ಹಿಂದಿನ ದಿನ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ನನ್ನದೇ. ಹಾಗೆ ಕೇಳುತ್ತಾ ಕೇಳುತ್ತಾ ಒಂದು ಪಾಠ ನಮ್ಮೆಲ್ಲರಿಗೂ ಬೇಕಾದದ್ದು ಅನ್ನಿಸಿತು. ಅದೇ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ.

ಈ ಹೆಸರು ಕಿವಿಗೆ ಬಿದ್ದ ಕೂಡಲೇ "ಡಾಕ್ಟರು ಕೈಬಿಟ್ಟರು" ಎಂದು ನಮ್ಮವರು ಅಳಲು ಶುರು ಮಾಡುತ್ತಾರೆ. ಹಾಗಲ್ಲ. ಆಯುಷ್ಯ ಆರು ತಿಂಗಳು ಮೀರಲಾರದು ಎಂದು ವೈದ್ಯರು ಬರೆದುಕೊಟ್ಟವರಿಗೆ ಮೆಡಿಕೇರ್ ಕೊಡುವುದು ಹಾಸ್ಪಿಸ್ ಸೌಲಭ್ಯ. ಉಪಶಮನ ಆರೈಕೆಯನ್ನು ಕೀಮೋ ನಡೆಯುತ್ತಿರುವಾಗಲೇ, ರೋಗ ಪತ್ತೆಯಾದ ದಿನದಿಂದಲೇ ಆರಂಭಿಸಬಹುದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಈ ಆರೈಕೆ ಸಿಕ್ಕವರ ಬದುಕು ಹೆಚ್ಚು ನೆಮ್ಮದಿಯಾಗಿತ್ತು. ಅಷ್ಟೇ ಅಲ್ಲ, ಆಯುಷ್ಯವೂ ಮಧ್ಯಾಂಕದ ಲೆಕ್ಕದಲ್ಲಿ 8.9 ತಿಂಗಳ ಬದಲು 11.6 ತಿಂಗಳಾಗಿತ್ತು.

ಇದಕ್ಕೆ ಆಧುನಿಕ ರೂಪ ಕೊಟ್ಟವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್. ಡಾಕ್ಟರಾಗುವ ಮೊದಲು ಅವರು ನರ್ಸ್ ಆಗಿದ್ದರು! ಅಮೆರಿಕದಲ್ಲಿ ನರ್ಸ್‌ಗಳಿಗೆ ಇದನ್ನು ಕ್ರಮವಾಗಿ ಕಲಿಸಲು 2000ದಲ್ಲಿ 'ಎಲ್‌ನೆಕ್' ಎಂಬ ಕಾರ್ಯಕ್ರಮ ಶುರುವಾಯಿತು. ಪದವಿ ವಿದ್ಯಾರ್ಥಿಗಳಿಗಾಗಿ ಆರು ಪಾಠಗಳ ಆನ್‌ಲೈನ್ ಕೋರ್ಸ್ 2017ರಲ್ಲಿ ಬಂತು.

ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪಡೆಯುವುದು ಸುಲಭ. ಆಮೇಲೆ ಸಿಮ್ಯುಲೇಷನ್ ಲ್ಯಾಬಿನಲ್ಲಿ ಬೊಂಬೆಯ ಮೇಲೆ ಅಭ್ಯಾಸ, ಕೆಲವೊಮ್ಮೆ ನಟರೇ ಬಂಧುಗಳ ಪಾತ್ರ ಮಾಡುತ್ತಾರೆ. ನಮ್ಮ ವೃತ್ತಿಯ ಟೆಸ್ಟ್ ಸರ್ವರ್ ಅನ್ನಿ. ಅಲ್ಲಿ ಎಲ್ಲವೂ ಓಡುತ್ತದೆ. ನಿಜವಾದ ಪರೀಕ್ಷೆ ವಾರ್ಡಿನಲ್ಲಿ.

ನೋವನ್ನೇ ತೆಗೆದುಕೊಳ್ಳಿ. ಸೊನ್ನೆಯಿಂದ ಹತ್ತರೊಳಗೆ ನಂಬರ್ ಹೇಳಿ ಎಂದು ಕೇಳಬೇಕೆಂಬುದು ಪಾಠ. ನಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ: "ಪರವಾಗಿಲ್ಲ ಕಣಮ್ಮ, ಸ್ವಲ್ಪ ಸಂಕಟ ಅಷ್ಟೆ" ಎನ್ನುತ್ತಾರೆ. ಆ ಸಂಕಟ ವಾಕರಿಕೆಯೋ, ಎದೆಯ ಬಾಧೆಯೋ, ಮನಸ್ಸಿನದೋ? ನಂಬರ್ ಬರೆದುಕೊಂಡು ಹೋದ ವಿದ್ಯಾರ್ಥಿಗೆ ಅದು ತಿಳಿಯದು. ಎಲ್ಲಿ, ಯಾವಾಗ, ಯಾವ ಬಗೆಯದು, ಏನು ಮಾಡಿದರೆ ಕಡಿಮೆ ಎಂದು ಬಿಡಿಸಿ ಕೇಳಬೇಕು. "ಉರಿ", "ಜೋಮು", "ಕರೆಂಟ್ ಹೊಡೆದ ಹಾಗೆ" ಎಂದರೆ ಅದು ನರದ ನೋವಿರಬಹುದು, ಅದಕ್ಕೆ ಔಷಧಿಯೇ ಬೇರೆ. ಮರೆವಿನ ಕಾಯಿಲೆಯಿಂದ ಮಾತು ಹೋದವರಿಗೆ 'ಪೇನ್‌ಆಡ್' ಎಂಬ ಅಳತೆಯಿದೆ. ಉಸಿರಾಟ, ನರಳಿಕೆ, ಮುಖಭಾವ, ದೇಹದ ಬಿಗಿತ, ಸಮಾಧಾನಕ್ಕೆ ಸ್ಪಂದಿಸುವ ರೀತಿ - ಈ ಐದನ್ನು ನೋಡಿ ತಲಾ 0ಯಿಂದ 2 ಅಂಕ. ಮಾತ್ರೆ ಕೊಟ್ಟ ಸುಮಾರು ಒಂದು ಗಂಟೆಯ ಮೇಲೆ ಮತ್ತೆ ಬಂದು ನೋವೆಷ್ಟಿದೆ ಎಂದು ಕೇಳುವುದೂ ಪಾಠದ ಭಾಗ. ವಾರ್ಡಿನ ಗಡಿಬಿಡಿಯಲ್ಲಿ ಮೊದಲು ತಪ್ಪಿಹೋಗುವುದು ಇದೇ ಎಂದು ನನ್ನಾಕೆಯ ಅಂಬೋಣ.

ಭಾಷೆ ಅಡ್ಡಿಯಾದರೆ? ಇಲ್ಲಿನ ಆಸ್ಪತ್ರೆಗಳು ಕೇಳಿದವರಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಅಜ್ಜಿಯ ಕಾಯಿಲೆಯ ಕೆಟ್ಟ ಸುದ್ದಿಯನ್ನು ಹನ್ನೆರಡು ವರ್ಷದ ಮೊಮ್ಮಗನ ಬಾಯಿಂದ ಅನುವಾದಿಸಿಸಬೇಡಿ, ದಯವಿಟ್ಟು.

ಇನ್ನು ಮಾರ್ಫಿನ್. ಈ ಹೆಸರಿಗೆ ಮನೆಯವರೂ ಹೆದರುತ್ತಾರೆ, ಹೊಸ ವಿದ್ಯಾರ್ಥಿಗಳೂ ಹೆದರುತ್ತಾರೆ. ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ, ನೋಡಿಕೊಂಡು ಹೆಚ್ಚಿಸಿದರೆ ಅದು ಸಾವನ್ನು ಹತ್ತಿರ ತರುವ ಔಷಧಿಯಲ್ಲ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಹಾಗಾಗಿ ನಿರಂತರ ನೋವಿದ್ದವರು "ತಡೆಯಲಾರದಾಗ ಕೇಳುತ್ತೇನೆ" ಎಂದು ಹಲ್ಲು ಕಚ್ಚಿ ಕಾಯದೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ವಿದ್ಯಾರ್ಥಿ ತಾನೊಬ್ಬಳೇ ಇದನ್ನು ಕೊಡುವಂತಿಲ್ಲ, ಪಕ್ಕದಲ್ಲಿ ನರ್ಸ್ ಅಥವಾ ಶಿಕ್ಷಕಿ ಇರಲೇಬೇಕು. ಆದರೆ ಮಲಬದ್ಧತೆ ಆಗಿದೆಯೇ, ಅದಕ್ಕೆ ಔಷಧಿ ಬರೆದಿದ್ದಾರೆಯೇ ಎಂದು ಗಮನಿಸಿ ಹೇಳಬಹುದು. ಚಿಕ್ಕ ವಿಷಯ ಅನ್ನಬೇಡಿ, ಹೊಟ್ಟೆ ಕಟ್ಟಿದ ರೋಗಿ ಔಷಧಿಯೇ ಬೇಡ ಎನ್ನುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಮಾತು. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಿಸ್ಟರ್" ಎಂದು ಬಾಗಿಲಲ್ಲೇ ತಡೆಯುವ ಮಗ. ಒಳಗೆ, "ನನಗೆ ಏನಾಗಿದೆ ಮಗಳೇ?" ಎಂದು ಕೇಳುವ ಅಪ್ಪ. ಇಪ್ಪತ್ತರ ಹುಡುಗಿ ಏನು ಮಾಡಬೇಕು? ಸುಳ್ಳು ಹೇಳಬಾರದು, ಗುಟ್ಟು ಒಡೆಯಲೂಬಾರದು. "ನಿಮಗೆ ಇದುವರೆಗೆ ಏನು ಹೇಳಿದ್ದಾರೆ? ಎಷ್ಟು ತಿಳಿಯಬೇಕು ಅನ್ನಿಸುತ್ತದೆ? ನಿಮ್ಮ ಬದಲು ಯಾರ ಹತ್ತಿರ ಮಾತಾಡಲಿ?" ಎಂದು ಕೇಳಿ, ಉತ್ತರವನ್ನು ತಂಡಕ್ಕೆ ಮುಟ್ಟಿಸಬೇಕು. ಮಗನನ್ನೂ ಗದರಬಾರದು, ತಿಳಿದರೆ ಏನಾದೀತೆಂಬ ಭಯ ಎಂದು ಅವನನ್ನೂ ಕೇಳಬೇಕು. ಎಷ್ಟೋ ಸಲ ಅಪ್ಪನಿಗೆ ಎಲ್ಲ ಗೊತ್ತಿರುತ್ತದೆ, ಮಗ ನೊಂದುಕೊಳ್ಳುತ್ತಾನೆ ಎಂದು ಸುಮ್ಮನಿರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಹೇಳಬೇಕಾದ ಮಾತು ಉಳಿದುಹೋಗುತ್ತದೆ.

ನಮ್ಮಲ್ಲಿ ಹೆಚ್ಚಿನವರ ತಂದೆತಾಯಿ ಊರಿನಲ್ಲಿದ್ದಾರೆ. ಬೆಂಗಳೂರಿನ ಮಾರತ್ತಹಳ್ಳಿ ಬಳಿ 1999ರಿಂದ ನಡೆಯುತ್ತಿರುವ 'ಕರುಣಾಶ್ರಯ' ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಅಲ್ಲಿ ನರ್ಸ್‌ಗಳಿಗೆ ತರಬೇತಿಯೂ ಇದೆ.

ಕೊನೆಯ ದಿನಗಳಲ್ಲಿ ಊಟ ತಾನಾಗಿ ಕಡಿಮೆಯಾಗುತ್ತದೆ. ಒತ್ತಾಯದಿಂದ ಗಂಜಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಆಗ ವಿದ್ಯಾರ್ಥಿಗಳು ಒದ್ದೆ ಸ್ಪಂಜಿನಿಂದ ಬಾಯಿ ತೇವ ಮಾಡುತ್ತಾರೆ, ತುಟಿಗೆ ಮುಲಾಮು ಹಚ್ಚುತ್ತಾರೆ, ಗಂಟಲಲ್ಲಿ ಗೊರಗೊರ ಸದ್ದಾದರೆ ಮಗ್ಗುಲಿಗೆ ತಿರುಗಿಸಿ ಮಲಗಿಸುತ್ತಾರೆ. ಪ್ರತಿಕ್ರಿಯೆ ಇಲ್ಲದ ರೋಗಿಯೊಡನೆಯೂ ಹೆಸರು ಹಿಡಿದು ಮಾತಾಡುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಕ್ರಿಯೆ ನಿಂತ ಕೆಲವು ರೋಗಿಗಳ ಮಿದುಳು ಕೊನೆಯ ಗಂಟೆಗಳಲ್ಲೂ ಸದ್ದಿಗೆ ಸ್ಪಂದಿಸುತ್ತಿತ್ತು. ಆದ್ದರಿಂದ ವಿಮಾನ ಹಿಡಿದು ಹೊತ್ತಿಗೆ ತಲುಪಲಾಗದಿದ್ದರೆ, ಫೋನನ್ನು ಅಮ್ಮನ ಕಿವಿಯ ಹತ್ತಿರ ಹಿಡಿಯಲು ಅಲ್ಲಿನ ನರ್ಸನ್ನು ಕೇಳಿಕೊಳ್ಳಿ. ಸಂಕೋಚ ಬೇಡ, ಅದೂ ಅವರ ಪಾಠದಲ್ಲಿದೆ.