ಎರಡಡಿ ಎತ್ತರದ ಗಾಜಿನ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಅಕ್ವೇರಿಯಂ ಇವೆ. ಹಾಲ್‌ನ ಮೂಲೆಯಲ್ಲಿರುವುದು 60 ಸೆಂ.ಮೀ. ಉದ್ದ, 30 ಅಗಲ, 60 ಎತ್ತರ. ಓದುವ ಕೋಣೆಯದು 90 ಉದ್ದ, 30 ಅಗಲ, 40 ಎತ್ತರ. ಗುಣಿಸಿ ನೋಡಿ, ಎರಡಕ್ಕೂ ಹಿಡಿಯುವುದು ಅದೇ 108 ಲೀಟರ್. ಆದರೆ ನನ್ನ ಖರ್ಚಿನ ಪುಸ್ತಕದಲ್ಲಿ ಎತ್ತರದ್ದು ಯಾವಾಗಲೂ ಒಂದು ಕೈ ಮುಂದೆ.

ಶಿವಾಜಿನಗರದ ಮೀನಿನಂಗಡಿಗಳಲ್ಲಿ ಎತ್ತರದ ತೊಟ್ಟಿ ತೋರಿಸಿ "ಜಾಗ ಉಳಿತಾಯ ಸಾರ್" ಎನ್ನುತ್ತಾರೆ. ಮಾತು ಸುಳ್ಳಲ್ಲ. ಇದು ಎರಡು ಚದರಡಿ ಹಿಡಿದರೆ ಉದ್ದದ್ದು ಮೂರು ಹಿಡಿಯುತ್ತದೆ. ಚದರಡಿಗೆ ಎಂಟು ಸಾವಿರ ಕೊಟ್ಟು ಫ್ಲ್ಯಾಟ್ ಕೊಂಡವರಿಗೆ ಆ ಒಂದಡಿ ಕಡಿಮೆಯದೇನಲ್ಲ. (ನಮ್ಮಲ್ಲಿ ಉಳಿದ ಆ ಒಂದಡಿಯಲ್ಲಿ ಈಗ ಚಪ್ಪಲಿ ಸ್ಟ್ಯಾಂಡ್ ಇದೆ. ಮಾರಿಕೊಳ್ಳುವ ಹಾಗಂತೂ ಇಲ್ಲ.)

ದುಡ್ಡು ಹೋಗುವುದು ಗಾಜಿಗೆ. ನೀರಿನ ಒತ್ತಡ ಎಷ್ಟು ಲೀಟರ್ ಎಂದು ಕೇಳುವುದಿಲ್ಲ, ಎಷ್ಟು ಎತ್ತರ ಎಂದು ಕೇಳುತ್ತದೆ. ಉದ್ದದ ತೊಟ್ಟಿಯ ಮುಂದಿನ ಗಾಜನ್ನು ನೀರು ಸುಮಾರು 72 ಕಿಲೋ ಭಾರದಷ್ಟು ತಳ್ಳಿದರೆ ಎತ್ತರದ್ದನ್ನು 108 ಕಿಲೋದಷ್ಟು ತಳ್ಳುತ್ತದೆ. ಅದಕ್ಕೇ ಒಂದಕ್ಕೆ 8 ಎಂಎಂ ಗಾಜು ಹಾಕಿಸಿದರೆ ಇನ್ನೊಂದಕ್ಕೆ 10 ಎಂಎಂ ಹಾಕಿಸಬೇಕಾಯಿತು. ಖರ್ಚು ಅಲ್ಲಿಗೇ ನಿಲ್ಲಲಿಲ್ಲ. ಪಾಚಿ ಉಜ್ಜುವ ಮ್ಯಾಗ್ನೆಟ್ ಇದೆಯಲ್ಲ, ತೆಳು ಗಾಜಿನದು ಇಲ್ಲಿ ಹಿಡಿಯುವುದೇ ಇಲ್ಲ, ಒಳಗಿನ ತುಂಡು ಜಾರಿ ಮರಳಿಗೆ ಬೀಳುತ್ತದೆ. ಅದನ್ನು ಎತ್ತಲು ಸ್ಟೂಲ್ ಹತ್ತಿ, ಭುಜದವರೆಗೂ ಕೈ ಇಳಿಸಬೇಕು. ಅಂಗಿ ಕಂಕುಳವರೆಗೆ ಒದ್ದೆ, ಉಕ್ಕಿದ ನೀರು ಸೋಫಾದ ಕೆಳಗೆ. ಹಾಗಾಗಿ ದಪ್ಪ ಗಾಜಿನ ಮ್ಯಾಗ್ನೆಟ್ ಬಂತು, ಗಿಡ ನೆಡಲು ಉದ್ದನೆಯ ಚಿಮ್ಮಟ ಬಂತು. ಆಳದ ನೀರಿನಲ್ಲಿ ಗಾಳಿ ಒತ್ತಲು ಚಿಕ್ಕ ಏರ್ ಪಂಪ್ ಏದುಸಿರು ಬಿಡುತ್ತಿತ್ತು, ಅದೂ ಬದಲಾಯಿತು.

ಮೀನಿನ ಲೆಕ್ಕ ಇನ್ನೂ ಬಿಗಿ. ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಲ್ಲಿ. ಮೇಲ್ಮೈಯ 12 ಚದರ ಇಂಚಿಗೆ ಒಂದಿಂಚು ಮೀನು ಎಂಬುದು ಹಳಬರ ಅಂದಾಜು. ಎರಡಿಂಚಿನ ಮೀನಾದರೆ ಉದ್ದದ್ದರಲ್ಲಿ 18 ಬಿಡಬಹುದು, ಎತ್ತರದ್ದರಲ್ಲಿ 12. ಒಳ್ಳೆಯ ಫಿಲ್ಟರ್ ಇದ್ದರೆ ಇದನ್ನು ಸ್ವಲ್ಪ ಸಡಿಲಿಸಬಹುದು. ಆದರೆ ರಾತ್ರಿ ಕರೆಂಟ್ ಹೋದರೆ ಮೇಲ್ಮೈಯೇ ಗತಿ.

ಇಷ್ಟಾದರೂ ಅದನ್ನು ಮಾರುವ ಯೋಚನೆ ನನಗಿಲ್ಲ, ಏಂಜೆಲ್ ಮೀನಿನ ದೆಸೆಯಿಂದ. ರೆಕ್ಕೆ ಸೇರಿ ಗೇಣೆತ್ತರ ಬೆಳೆಯುವ ಈ ಮೀನಿಗೆ 40 ಸೆಂ.ಮೀ. ನೀರು ಇಕ್ಕಟ್ಟು. ಟೆಟ್ರಾ, ಜೀಬ್ರಾ, ಮಿಸ್ ಕೇರಳದಂಥ ಓಡುಗುಳಿಗಳಿಗೆ ಉದ್ದ ಬೇಕು, ಎತ್ತರಕ್ಕೆ ಕೊಟ್ಟ ದುಡ್ಡು ದಂಡ. ಮೇಲೆ ಬಂದು ಗಾಳಿ ಕುಡಿಯುವ ಫೈಟರ್‌ಗಂತೂ ಎರಡಡಿ ಹತ್ತಿಳಿಯುವುದೇ ಶಿಕ್ಷೆ. ಮೇಲ್ಮೈ ಚಿಕ್ಕದಾದ್ದರಿಂದ ಬೇಸಿಗೆಯಲ್ಲಿ ನೀರು ಆರುವುದೂ ಕಮ್ಮಿ. ನೀರಿನ ಬಿಲ್ಲಿನಲ್ಲಿ ಅದು ಕಾಣಿಸದು, ಆದರೆ ನಾಲ್ಕು ದಿನ ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಡಬೇಕಿಲ್ಲ.

ಬೆಳಕಿನ ಖರ್ಚು ತಪ್ಪಿಸಿಕೊಳ್ಳಬಹುದು. ತಳದಲ್ಲಿ ಹುಲ್ಲುಹಾಸು ಬೆಳೆಸುತ್ತೇನೆಂದು ಹೊರಟು 18 ವ್ಯಾಟಿನ ಬದಲು 36ರ ಲೈಟ್ ಹಾಕಿದರೆ, ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ ನಾಲ್ಕು ಯೂನಿಟ್ ಚಿಲ್ಲರೆ ಜಾಸ್ತಿ. ಅದು ಹೋಗಲಿ, ಭಾರವೆನಿಸುವುದು ಲೈಟಿನ ಬೆಲೆ. ನಾನು ಅನೂಬಿಯಸ್ ಮತ್ತು ಜಾವಾ ಫರ್ನ್ ಗಿಡಗಳನ್ನು ಮರದ ಕೊರಡಿಗೆ ದಾರದಿಂದ ಕಟ್ಟಿ ಬಿಟ್ಟಿದ್ದೇನೆ. ಕಡಿಮೆ ಬೆಳಕಿನಲ್ಲೂ ಬದುಕುವ ಗಿಡಗಳು ಅವು. ಹಿಂದುಗಡೆ ವ್ಯಾಲಿಸ್ನೇರಿಯಾ ತಾನೇ ಮರಿ ಹಾಕಿ ಹಬ್ಬಿಕೊಂಡಿದೆ.

ಏಂಜೆಲ್ ಸಾಕುವ ಆಸೆಯಿದ್ದು ಕೈ ಬಿಗಿಯಿದ್ದರೆ ಸೆಕೆಂಡ್ ಹ್ಯಾಂಡ್ ನೋಡಿ. ಕೊಳ್ಳುವ ಮೊದಲು ಕೆಳಗಿನ ಮೂಲೆಗಳ ಸಿಲಿಕೋನ್ ಉಗುರಿನಿಂದ ಎಬ್ಬಿಸಿ ನೋಡಿ, ಹೆಚ್ಚು ಒತ್ತಡ ಬೀಳುವುದು ಅಲ್ಲೇ. ಮಾರುವವರ ಅಂಗಳದಲ್ಲೇ, ಸಮತಟ್ಟಾದ ಜಾಗದಲ್ಲಿ ಥರ್ಮೋಕೋಲ್ ಹಾಸಿ ಅದರ ಮೇಲಿಟ್ಟು, ಬಾಯಿಮಟ್ಟ ನೀರು ತುಂಬಿಸಿ ಒಂದು ರಾತ್ರಿ ಬಿಡಲು ಹೇಳಿ. ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.