ಕೊಳ್ಳುವ ಮೊದಲು ನೋಡುವುದನ್ನು ಕಲಿ

ಮಗೂ, ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಗೆಳೆಯರನ್ನು ಕಟ್ಟಿಕೊಂಡು ಹೊರಟಿದ್ದೀಯ ಎಂದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ವಾಚಿನ ಹುಚ್ಚು ಹಿಡಿದಿದೆ ಎಂದು ನಿಮ್ಮಮ್ಮ ದೂರುತ್ತಾಳೆ. ದೂರಲಿ, ಇದು ಒಳ್ಳೆಯ ಹುಚ್ಚೇ. ಏನೇನು ನೋಡಬೇಕು, ಯಾವುದನ್ನು ಕೊಳ್ಳಬೇಕು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದೀಯಲ್ಲ, ಆ ಎರಡನ್ನು ಬೇರೆಬೇರೆಯಾಗಿ ಇಟ್ಟುಕೋ ಎನ್ನುವುದೇ ನನ್ನ ಮೊದಲ ಮಾತು. ನೋಡುವ ಕಣ್ಣು ಬರುವವರೆಗೆ ಕೈ ಜೇಬಿಗೆ ಹೋಗಬಾರದು.

ಅಲ್ಲಿಗೆ ಹೋದವರು ಸಾಮಾನ್ಯವಾಗಿ ನೇರ ವಾಚುಗಳ ಕಪಾಟಿನ ಮುಂದೆ ನಿಂತು ಫೋಟೊ ತೆಗೆಯಲು ಶುರು ಮಾಡುತ್ತಾರೆ. ನೀನು ಮೊದಲು ದೊಡ್ಡ ಯಂತ್ರಗಳ ಹತ್ತಿರ ಹೋಗು. 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, ಹುಟ್ಟಿದಾಗ ಅದರ ಕೆಲಸ ಯಂತ್ರಗಳನ್ನು ಮಾಡುವ ಯಂತ್ರಗಳನ್ನು ತಯಾರಿಸುವುದಾಗಿತ್ತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಲೇತ್‌ಗಳು ತಯಾರಾದವು. ಲೋಹವನ್ನು ಅಳತೆ ತಪ್ಪದಂತೆ ಕಡೆಯುವ ಕಸುಬು ಕೈವಶವಾದ ಮೇಲೆಯೇ, 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ವಾಚಿನ ಕಾರ್ಖಾನೆ ಬಂತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಲೇತ್ ಮೊದಲು, ವಾಚು ಆಮೇಲೆ ಎಂಬ ಈ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಕಪಾಟಿನೊಳಗಿನ ಪುಟ್ಟ ವಾಚಿನ ಬೆಲೆ ತಾನಾಗಿ ತಿಳಿಯುತ್ತದೆ. ಸಾಸಿವೆಗಿಂತ ಸಣ್ಣ ಸ್ಕ್ರೂಗೆ ಮರೆ ಕೊರೆಯುವುದಕ್ಕೆ ಒಂದು ದೇಶ ಎಲ್ಲಿಂದ ಶುರು ಮಾಡಬೇಕಾಯಿತು ಎಂಬುದು ಆ ಕಬ್ಬಿಣದ ಯಂತ್ರಗಳ ಮುಂದೆ ನಿಂತಾಗ ಗೊತ್ತಾಗುತ್ತದೆ.

ಆಮೇಲೆ ವಾಚುಗಳ ಹತ್ತಿರ ಬಾ. ಎಲ್ಲವನ್ನೂ ನೋಡಲು ಹೋಗಬೇಡ, ಜನತಾ ಎಂಬ ಒಂದು ಮಾದರಿ ಸಾಕು. ಬಿಳಿ ಡಯಲ್, ಸಾದಾ ಅಂಕಿ, ತೆಳ್ಳಗಿನ ಮುಳ್ಳುಗಳು. ಕೆಲವು ಜನತಾಗಳಲ್ಲಿ ದೇವನಾಗರಿ ಅಂಕಿಗಳೂ ಇವೆ. ಡಯಲ್ ಮೇಲೆ 17 ಜ್ಯುವೆಲ್ಸ್, ಪ್ಯಾರಾಶಾಕ್ ಎಂಬ ಬರಹ ಇರುತ್ತದೆ. ಜ್ಯುವೆಲ್ ಎಂದ ಕೂಡಲೇ ಬೆಲೆಬಾಳುವ ರತ್ನ ಎಂದುಕೊಳ್ಳುವವರು ಬಹಳ. ಅವು ಕಾರ್ಖಾನೆಯಲ್ಲೇ ತಯಾರಾಗುವ ಕೃತಕ ಮಾಣಿಕ್ಯಗಳು. ತಿರುಗುವ ಗಾಲಿಯ ಉಕ್ಕಿನ ಅಚ್ಚು ಹಿತ್ತಾಳೆಯ ತೂತಿನಲ್ಲಿ ಉಜ್ಜಿ ಸವೆಯಬಾರದೆಂದು, ಆ ಅಚ್ಚಿನ ತುದಿ ಕೂರುವ ಜಾಗಕ್ಕೆ ಗಟ್ಟಿಯಾದ, ನುಣುಪಾದ ಕಲ್ಲು ಇಡುತ್ತಾರೆ. ಹದಿನೇಳು ಕಲ್ಲಿದ್ದರೆ ಕೈಯಿಂದ ಕೀ ಕೊಡುವ ಸಾಧಾರಣ ವಾಚಿಗೆ ಬೇಕಾದ ಕಡೆಯೆಲ್ಲ ಕಲ್ಲು ಇದೆ ಎಂದರ್ಥ. ಪ್ಯಾರಾಶಾಕ್ ಎಂದರೆ ವಾಚು ಕೈಜಾರಿ ಬಿದ್ದರೆ ಬ್ಯಾಲೆನ್ಸ್ ಗಾಲಿಯ ಅಚ್ಚು ಮುರಿಯದಂತೆ ಆ ಕಲ್ಲನ್ನು ಸಣ್ಣ ಸ್ಪ್ರಿಂಗಿನ ಮೇಲೆ ಕೂರಿಸುವ ಏರ್ಪಾಡು. ಇಷ್ಟು ತಿಳಿದುಕೊಂಡು ಡಯಲ್ ಓದಿದರೆ, ಜಾಹೀರಾತಿನಂತೆ ಕಾಣುತ್ತಿದ್ದ ಆ ಪದಗಳ ಹಿಂದಿನ ಕೆಲಸ ಕಾಣುತ್ತದೆ.

ಒಳಭಾಗಗಳನ್ನು ಬಿಡಿಸಿ ತೋರಿಸಿರುವ ಕಡೆ ಹೆಚ್ಚು ಹೊತ್ತು ನಿಲ್ಲು. ಸುತ್ತಿಟ್ಟ ಮೇನ್‌ಸ್ಪ್ರಿಂಗ್ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆ ಬಲ ಒಂದೇ ಸಲ ಸುರಿದುಹೋಗದಂತೆ ತಡೆದು, ಹನಿಹನಿಯಾಗಿ ಬಿಡುವುದು ಎಸ್ಕೇಪ್ ವೀಲ್ ಮತ್ತು ಪ್ಯಾಲೆಟ್ ಫೋರ್ಕ್. ಯಾವ ಲಯದಲ್ಲಿ ಬಿಡಬೇಕೆಂದು ಹೇಳುವುದು ಹೇರ್‌ಸ್ಪ್ರಿಂಗ್ ಹಿಡಿದ ಬ್ಯಾಲೆನ್ಸ್ ವೀಲ್. ಜನತಾ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಇಂಥ ವಾಚು ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಯಿತೆಂದು ಮೂಗು ಮುರಿಯುವವರಿದ್ದಾರೆ. ಒಂದು ದಿನದಲ್ಲಿ 86,400 ಸೆಕೆಂಡುಗಳಿವೆ. ಅದರಲ್ಲಿ ಮೂವತ್ತು ಸೆಕೆಂಡು ತಪ್ಪಿದರೆ ಶೇಕಡ 0.035ರಷ್ಟು ತಪ್ಪು. ಬ್ಯಾಟರಿಯಿಲ್ಲದೆ, ಸ್ಪ್ರಿಂಗು ಹಲ್ಲುಗಾಲಿಗಳಿಂದಲೇ ಇಷ್ಟು ಸರಿ ಸಮಯ ಹೇಳುವುದನ್ನು ನಾನು ಇವತ್ತಿಗೂ ಬೆರಗಿನಿಂದ ನೋಡುತ್ತೇನೆ.

ಆ ಭಾಗಗಳನ್ನು ಜೋಡಿಸಿದ ಕೈಗಳನ್ನೂ ನೆನೆ. ಬಿಳಿ ಕೋಟು ತೊಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಹೇರ್‌ಸ್ಪ್ರಿಂಗ್ ಹಿಡಿದು ಕೂತವರಲ್ಲಿ ನಮ್ಮ ಊರುಗಳ ಹೆಣ್ಣುಮಕ್ಕಳು ಎಷ್ಟೋ ಜನ. ಕಾರ್ಖಾನೆಯ ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಬಂದು, ಮನೆ ಮಾಡಿ, ತಮ್ಮ ತಂಗಿಯರನ್ನು ಓದಿಸಿದವರು. ಡಯಲ್ ಮೇಲೆ ಅವರ ಹೆಸರಿಲ್ಲ. ನಿನ್ನ ಗೆಳೆಯರಲ್ಲಿ ಯಾರ ಮನೆಯಲ್ಲಾದರೂ ಅಂಥ ಅಜ್ಜಿ ಇದ್ದರೆ ಹೋಗಿ ಕೂತು ಕೇಳು. ಯಾವ ಸಾಲಿನಲ್ಲಿ ಕೂರುತ್ತಿದ್ದರು, ಯಾವ ಭಾಗ ಕೂರಿಸುತ್ತಿದ್ದರು, ಕಣ್ಣು ನೋಯುತ್ತಿತ್ತೇ ಎಂದು ಕೇಳಿ ಬರೆದಿಟ್ಟುಕೋ. ವಾಚು ಸಂಗ್ರಹಿಸುವವರು ಸಾವಿರಾರು ಮಂದಿ ಸಿಗುತ್ತಾರೆ. ಈ ಮಾತುಗಳನ್ನು ಸಂಗ್ರಹಿಸುವವರು ನನಗೆ ಹೆಚ್ಚು ಕಂಡಿಲ್ಲ.

ಇನ್ನು ಉಳಿದ ಮಾದರಿಗಳ ಹೆಸರುಗಳು. ಪೈಲಟ್, ಜವಾನ್, ಸೋನಾ, ಕೊಹಿನೂರ್, ಕಾಂಚನ್. ಪೈಲಟ್‌ನ ಕಪ್ಪು ಡಯಲ್ಲಿಗೆ ನೀನು ಮರುಳಾಗುತ್ತೀಯ, ಅದು ನನಗೆ ಗೊತ್ತು. ಕಾಂಚನ್ ತಾನೇ ಕೀ ಸುತ್ತಿಕೊಳ್ಳುವ ಆಟೊಮ್ಯಾಟಿಕ್. ಹೊಳೆಯುವ ಅದರ ಮೈಗೆ ಮದುವೆ ಮನೆಗಳಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ ಅಳಿಯನಿಗೆ ಅದೇ ಬೇಕೆಂದು ಬೀಗರು ಹಟ ಹಿಡಿಯುತ್ತಿದ್ದ ಕಾಲವೊಂದಿತ್ತು. ಆದರೆ ನನ್ನನ್ನು ಕೇಳಿದರೆ ಇಡೀ ಸಂಗ್ರಹದಲ್ಲಿ ಎಲ್ಲಕ್ಕಿಂತ ದೊಡ್ಡದು ಬ್ರೈಲ್ ವಾಚು. ಗಾಜನ್ನು ಮುಚ್ಚಳದಂತೆ ಎತ್ತಿ, ಗಟ್ಟಿಯಾದ ಮುಳ್ಳುಗಳನ್ನೂ ಉಬ್ಬು ಚುಕ್ಕಿಗಳನ್ನೂ ಬೆರಳಿನಿಂದ ಮುಟ್ಟಿ ಗಂಟೆ ತಿಳಿದುಕೊಳ್ಳುವ ವಾಚು ಅದು. ಗಂಟೆ ಎಷ್ಟೆಂದು ಇನ್ನೊಬ್ಬರನ್ನು ಕೇಳಬೇಕಾಗಿದ್ದ, ಕಣ್ಣು ಕಾಣದ ಮನುಷ್ಯನ ಕೈಗೆ ಅವನ ಸಮಯವನ್ನು ಅವನಿಗೇ ಕೊಟ್ಟ ವಸ್ತು. ಬಂಗಾರದ ವಾಚಿನ ಮುಂದೆ ನಿಂತಷ್ಟು ಹೊತ್ತು ಅದರ ಮುಂದೆಯೂ ನಿಲ್ಲು.

ಕಾರ್ಖಾನೆ ಯಾಕೆ ಮುಚ್ಚಿತು ಎಂದು ನೀನು ಕೇಳಿಯೇ ಕೇಳುತ್ತೀಯ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಸ್ವಿಟ್ಜರ್ಲೆಂಡಿನ ಹಳೆಯ ಹಳೆಯ ಕಂಪನಿಗಳೇ ಅದರ ಹೊಡೆತಕ್ಕೆ ತತ್ತರಿಸಿದವು. ಇವತ್ತಿನ ಕ್ವಾರ್ಟ್ಜ್ ವಾಚಿನಲ್ಲಿ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದರ ಮುಂದೆ ಸೆಕೆಂಡಿಗೆ ಐದು ಬಡಿತದ ನಮ್ಮ ಜನತಾ ಏನು ಪೈಪೋಟಿ ಕೊಟ್ಟೀತು? ಇಲ್ಲಿ 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ ಟೈಟಾನ್ ಕಟ್ಟಿದವು. ನಮ್ಮ ಬಾಗಿಲಲ್ಲೇ ಇರುವ ಹೊಸೂರಿನಲ್ಲಿ ಕಾರ್ಖಾನೆ ಎದ್ದಿತು. ಕ್ವಾರ್ಟ್ಜ್ ವಾಚುಗಳು, ಚೆಂದದ ಅಂಗಡಿಗಳು, ಹೊಸ ಹೊಸ ವಿನ್ಯಾಸ. ಜನ ಆ ಕಡೆ ನಡೆದರು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. 1978ರಲ್ಲಿ ಶುರುವಾಗಿದ್ದ ತುಮಕೂರಿನ ವಾಚ್ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ.

ಇದನ್ನು ಕೇಳಿ ಟೈಟಾನನ್ನೋ ಕ್ವಾರ್ಟ್ಜನ್ನೋ ಶತ್ರುವೆಂದು ಎಣಿಸಬೇಡ. ಹಳೆಯ ವಾಚಿನ ಅಭಿಮಾನಿಗಳಲ್ಲಿ ಬ್ಯಾಟರಿ ವಾಚನ್ನು ಹೀಗಳೆಯುವ ಚಾಳಿ ಇದೆ, ಅದು ನಿನಗೆ ಬರಬಾರದು. 2002ರಲ್ಲಿ ಬಂದ ಟೈಟಾನ್ ಎಡ್ಜ್‌ನ ಒಳಯಂತ್ರದ ದಪ್ಪ 1.15 ಮಿಲಿಮೀಟರ್, ಇಡೀ ವಾಚಿನ ದಪ್ಪ ಮೂರೂವರೆ ಮಿಲಿಮೀಟರ್. ಆಗಲ್ಲ ಎಂದು ತಿಳಿದವರೆಲ್ಲ ಹೇಳುತ್ತಿದ್ದ ಕೆಲಸವನ್ನು ಹೊಸೂರಿನ ಎಂಜಿನಿಯರುಗಳು ಮಾಡಿ ತೋರಿಸಿದರು. ಜನತಾವನ್ನು ಮೆಚ್ಚುವ ಕಣ್ಣು ಎಡ್ಜನ್ನೂ ಮೆಚ್ಚಬೇಕು.

ಮುಂದೆ ಓದಿಗೋ ಕೆಲಸಕ್ಕೋ ನೀನು ಹೊರದೇಶಕ್ಕೆ ಹೋಗಬಹುದು. ಲಂಡನ್ನಿಗೆ ಹೋದರೆ ಗ್ರೀನಿಚ್‌ನ ರಾಯಲ್ ಅಬ್ಸರ್ವೇಟರಿಗೆ ಹೋಗದೆ ಬರಬೇಡ. ಜಾನ್ ಹ್ಯಾರಿಸನ್ ಮಾಡಿದ ಗಡಿಯಾರಗಳು ಅಲ್ಲಿವೆ. ಅವನು ಹಳ್ಳಿಯ ಬಡಗಿ, ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ಸಮುದ್ರದ ಮೇಲೆ ಹಡಗು ಎಲ್ಲಿದೆ, ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಬಂದಿದೆ ಎಂದು ತಿಳಿಯಲು ಬಂದರಿನ ಸರಿಯಾದ ಸಮಯ ಜೊತೆಗಿರಬೇಕು. ಆ ತುಯ್ದಾಟದಲ್ಲಿ, ಬಿಸಿಲು ಚಳಿಯಲ್ಲಿ ಸಮಯ ತಪ್ಪದ ಗಡಿಯಾರ ಯಾರ ಹತ್ತಿರವೂ ಇರಲಿಲ್ಲ. ಹ್ಯಾರಿಸನ್ ಇದಕ್ಕೇ ಆಯುಷ್ಯ ಸವೆಸಿದ. ಮೊದಲ ಮೂರು ಗಡಿಯಾರಗಳು ದೊಡ್ಡ ದೊಡ್ಡ ಯಂತ್ರಗಳು. 1759ರಲ್ಲಿ ಮುಗಿಸಿದ ನಾಲ್ಕನೆಯದು ಅಂಗೈಗಿಂತ ಸ್ವಲ್ಪ ದೊಡ್ಡದಾದ ವಾಚು. 1761ರಲ್ಲಿ ಅವನ ಮಗ ವಿಲಿಯಂ ಅದನ್ನು ಹಡಗಿನಲ್ಲಿ ಜಮೈಕಾಕ್ಕೆ ಕೊಂಡೊಯ್ದಾಗ 81 ದಿನಗಳಲ್ಲಿ ಅದು ಹಿಂದೆ ಬಿದ್ದದ್ದು ಸುಮಾರು ಐದು ಸೆಕೆಂಡು. ನಾನು ಓದಿದ ಗಡಿಯಾರದ ಚರಿತ್ರೆಯಲ್ಲೆಲ್ಲ ಇದಕ್ಕಿಂತ ದೊಡ್ಡ ಗೆಲುವು ಇಲ್ಲ. ಗ್ರೀನಿಚ್‌ನಲ್ಲಿ ಮೊದಲ ಮೂರು ಗಡಿಯಾರಗಳು ನಡೆಯುತ್ತಿರುತ್ತವೆ, ಈ ನಾಲ್ಕನೆಯದನ್ನು ಮಾತ್ರ ನಿಲ್ಲಿಸಿಟ್ಟಿದ್ದಾರೆ. ಅದು ನಡೆಯಲು ಎಣ್ಣೆ ಬೇಕು, ಎಣ್ಣೆ ಕೆಟ್ಟರೆ ಭಾಗಗಳು ಸವೆಯುತ್ತವೆ. ಮ್ಯೂಸಿಯಂನವರು ಮಾಡಿದ್ದು ಸರಿ.

ಜೆರುಸಲೇಮಿನ ಎಲ್.ಎ. ಮೇಯರ್ ಮ್ಯೂಸಿಯಂನಲ್ಲಿ ಬ್ರೆಗೆ ಎಂಬ ಗಡಿಯಾರ ತಯಾರಕನ 160ನೇ ನಂಬರಿನ ವಾಚು ಇದೆ. ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್‌ಗೆಂದು 1783ರಲ್ಲಿ ಹೇಳಿ ಮಾಡಿಸಲು ಶುರುವಾದದ್ದು. ಕೆಲಸ ಮುಗಿದದ್ದು 1827ರಲ್ಲಿ. ಅಷ್ಟು ಹೊತ್ತಿಗೆ ರಾಣಿಯ ತಲೆ ಹೋಗಿ ಮೂವತ್ತನಾಲ್ಕು ವರ್ಷ, ಬ್ರೆಗೆ ತೀರಿಕೊಂಡು ನಾಲ್ಕು ವರ್ಷ. 1983ರಲ್ಲಿ ಆ ಮ್ಯೂಸಿಯಂನಿಂದಲೇ ಬೇರೆ ಅನೇಕ ಗಡಿಯಾರಗಳ ಜೊತೆ ಅದು ಕಳವಾಯಿತು. ಅಷ್ಟು ಹೆಸರಾದ ವಾಚನ್ನು ಕಳ್ಳ ಯಾರಿಗೆ ತಾನೇ ಮಾರಿಯಾನು, ಯಾರ ಮುಂದೆ ತೋರಿಸಿಯಾನು? ಇಪ್ಪತ್ತಕ್ಕೂ ಹೆಚ್ಚು ವರ್ಷ ಕತ್ತಲಲ್ಲಿ ಬಿದ್ದಿತ್ತು. ಕಳ್ಳ ಸತ್ತ ಮೇಲೆ ಮತ್ತೆ ಮ್ಯೂಸಿಯಂ ಸೇರಿತು. ಹಣವಿರುವ ಕೆಲವು ಸಂಗ್ರಾಹಕರು ವಾಚು ಕೊಂಡು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಲಾಕರಿನಲ್ಲಿಟ್ಟು ಬೆಲೆ ಏರುವುದನ್ನು ಕಾಯುತ್ತಾರಲ್ಲ, ಅದನ್ನು ಕೇಳಿದಾಗ ನನಗೆ ಈ ಕಥೆ ನೆನಪಾಗುತ್ತದೆ. ಮ್ಯೂಸಿಯಂ ವಾಚನ್ನು ನಿಲ್ಲಿಸಿಡುವುದು ಮುಂದಿನವರು ನೋಡಲಿ ಎಂದು. ಲಾಕರಿನ ವಾಚನ್ನು ಯಾರೂ ನೋಡುವುದಿಲ್ಲ. ಹಾಗೆ ಮಾಡಬೇಡ ಮಗೂ. ಒಂದೇ ವಾಚು ಇರಲಿ, ಕಟ್ಟಿಕೊಳ್ಳುವ ವಾಚು ಇರಲಿ.

ಈಗ ಕೊಳ್ಳುವ ಮಾತು. ಎಚ್‌ಎಂಟಿಯ ವಾಚಿನ ಕಂಪನಿ ಮುಚ್ಚಿದ ಮೇಲೆ ಹಳೆಯ ವಾಚುಗಳಿಗೆ ಗಿರಾಕಿ ಹೆಚ್ಚಿದರು, ಗಿರಾಕಿಗಳ ಹಿಂದೆ ಮೋಸವೂ ಬಂತು. ಸವೆದ ಡಯಲ್ ಒರೆಸಿ ಹೊಸದಾಗಿ ಬಣ್ಣ ಬಳಿದು, ಕಡುನೀಲಿ, ಕಿತ್ತಳೆ, ಗಿಳಿಹಸಿರು ಎಂದು ಮನಸ್ಸಿಗೆ ಬಂದ ಬಣ್ಣಗಳಲ್ಲಿ ಪೈಲಟ್ ಎಂದು ಬರೆದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಒಂದು ವಾಚಿನ ಯಂತ್ರ, ಇನ್ನೊಂದರ ಕೇಸು, ಮತ್ತೊಂದರ ಮುಳ್ಳು ಸೇರಿರುತ್ತವೆ. ಇದಕ್ಕೇ ನಾನು ಹೆರಿಟೇಜ್ ಸೆಂಟರಿಗೆ ಮೊದಲು ಹೋಗು ಎನ್ನುವುದು. ಅಸಲು ಡಯಲ್ಲಿನ ಅಕ್ಷರ ಎಷ್ಟು ಚೂಪಾಗಿದೆ, ನಿಮಿಷದ ಗೆರೆಗಳು ಎಷ್ಟು ಸಮವಾಗಿವೆ, ಮುಳ್ಳಿನ ತುದಿ ಆ ಗೆರೆಯನ್ನು ಎಲ್ಲಿ ಮುಟ್ಟುತ್ತದೆ ಎಂದು ಕಣ್ಣಿನಲ್ಲಿ ತುಂಬಿಕೊಂಡು ಬಾ. ಅರವತ್ತರ ದಶಕದ ವಾಚು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅನುಮಾನಪಡು. ಸ್ವಲ್ಪ ಹಳದಿ ತಿರುಗಿದ, ಅಂಚು ಮಾಸಿದ ಡಯಲ್ ಅವಮಾನವಲ್ಲ. ಹಿಂದಿನ ಮುಚ್ಚಳ ತೆಗೆದು ತೋರಿಸಲು ಒಪ್ಪದವನ ಹತ್ತಿರ ಕೊಳ್ಳಲೇಬೇಡ.

ಇನ್ನೊಂದು ಎಚ್ಚರ. ಬಹಳ ಹಳೆಯ ವಿದೇಶಿ ವಾಚುಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿರುತ್ತಿದ್ದರು. ಹೊಳಪು ಎಂದೋ ಆರಿಹೋಗಿರುತ್ತದೆ, ರೇಡಿಯಂ ಅರ್ಧಕ್ಕೆ ಇಳಿಯಲು ಮಾತ್ರ 1,600 ವರ್ಷ ಬೇಕು. ಅಂಥ ವಾಚನ್ನು ಮನೆಯಲ್ಲಿ ಬಿಚ್ಚುವುದು, ಡಯಲ್ ಕೆರೆಯುವುದು, ಆ ಪುಡಿ ಉಸಿರಿಗೆ ಹೋಗುವುದು ಅಪಾಯ. ಮುಟ್ಟದೆ ಬಿಡು.

ವಾಚು ಕೈಗೆ ಬಂದ ಮೇಲೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡು. ಬಿಗಿ ಬಂತೆಂದು ಬೆರಳಿಗೆ ಗೊತ್ತಾದ ಕೂಡಲೇ ನಿಲ್ಲಿಸು. ತಾರೀಖು ಇರುವ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಬೇಡ. ಆ ಹೊತ್ತಿನಲ್ಲಿ ಗಾಲಿಯ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಮುರಿಯಬಹುದು. ಮಳೆಗೆ ಹಿಡಿಯಬೇಡ. ನಾಲ್ಕೈದು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸು, ನಡೆಯುತ್ತಿದ್ದರೂ ಮಾಡಿಸು. ಎಣ್ಣೆ ಒಣಗಿದ ವಾಚು ನಡೆಯುತ್ತಲೇ ಸವೆಯುತ್ತದೆ.

ಸರ್ವೀಸ್ ಯಾರು ಮಾಡುತ್ತಾರೆ? ನನಗೆ ನಿಜವಾಗಿ ಕಳವಳವಿರುವುದು ಇಲ್ಲಿ. ಪೇಟೆ ಬೀದಿಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕೂತು, ಹೇರ್‌ಸ್ಪ್ರಿಂಗ್ ಬಗ್ಗಿದ್ದನ್ನು ಚಿಮಟದಲ್ಲೇ ಸರಿಮಾಡುತ್ತಿದ್ದ ರಿಪೇರಿಯವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಉಳಿದ ಎಷ್ಟೋ ಅಂಗಡಿಗಳಲ್ಲಿ ಬ್ಯಾಟರಿ, ಬೆಲ್ಟು ಬದಲಿಸುವುದಷ್ಟೇ ನಡೆಯುತ್ತದೆ. ಜನತಾದಂಥ ವಾಚಿನ ಪ್ರತಿ ಭಾಗವನ್ನೂ ಬಿಚ್ಚಿ, ತೊಳೆದು, ಮತ್ತೆ ಕೂರಿಸಬಹುದು. ಅದನ್ನು ಮಾಡಿದವರು ಹಾಗೆಂದೇ ಮಾಡಿದ್ದರು. ಬಿಚ್ಚುವ ಕೈ ಇಲ್ಲದಿದ್ದರೆ ನೀವು ಕೂಡಿಟ್ಟ ವಾಚುಗಳೆಲ್ಲ ಇಪ್ಪತ್ತು ವರ್ಷದಲ್ಲಿ ನಿಂತುಹೋಗುತ್ತವೆ.

ಆದ್ದರಿಂದ ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಈ ಕಸುಬು ಕಲಿಯಿರಿ. ಸಂಬಳದ ಕೆಲಸ ಬಿಡಬೇಕಾಗಿಲ್ಲ. ಶನಿವಾರ ಒಂದು ಹಳೆಯ ಅಂಗಡಿಗೆ ಹೋಗಿ, ಅಲ್ಲಿರುವ ಯಜಮಾನರಿಗೆ ಕಲಿಸಿ ಸ್ವಾಮಿ ಎಂದು ಕೇಳಿ. ಮೊದಲು ಬೈದಾರು, ಆಮೇಲೆ ಸ್ಟೂಲ್ ಎಳೆದು ಕೂರಿಸುತ್ತಾರೆ. ಅವರಿಗೂ ತಮ್ಮ ಕೈಯ ವಿದ್ಯೆ ಯಾರಿಗಾದರೂ ದಾಟಿಸಬೇಕೆಂಬ ಆಸೆ ಇದ್ದೇ ಇರುತ್ತದೆ. ನೀನು ಕಲಿತೆಯಾದರೆ ನನಗೆ ಹೇಳು. ನಾನು ದಿನಾ ಕಟ್ಟುವ ಜನತಾ ಸರ್ವೀಸಿಗೆ ಬಂದಿದೆ, ಮೊದಲು ಅದನ್ನೇ ಬಿಚ್ಚಲು ಕೊಡುತ್ತೇನೆ.